ಸರೋಜಮ್ಮ ಆರಿಸಿದ ನಾಲ್ಕು ಕಾಯಿಲ್

ಸಕಲೇಶಪುರದಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜ್ ನಡೆಸುತ್ತಿರುವ ಪಿಯೂಸ್ ನಾನು. ಗಾಡಿಯ ವಿಷಯದಲ್ಲಿ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬೇರೆ ವಿಷಯದಲ್ಲಿ ಹೇಳಿದರೂ ಆಗುವುದಿಲ್ಲ ಎಂಬುದು ಹೆಂಡತಿ ಗ್ರೆಟ್ಟಾಳ ದೂರು. ಇರಲಿ. ಅಂಥ ನಾನೇ ಎದೆ ತಟ್ಟಿ ಹೇಳುತ್ತೇನೆ: ಈ ಸೀಮೆಯಲ್ಲಿ ಇಂಜಿನ್ನಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಬಗ್ಗೆ ನಿಜವಾಗಿ ತಿಳಿದವರು ಒಬ್ಬರೇ. ಅವರು ನನ್ನ ಪಕ್ಕದ ಅಂಗಡಿಯ ಸರೋಜಮ್ಮ.

ಸರೋಜಮ್ಮ ಆಲೂರು ಕಡೆಯ ಹಳ್ಳಿಯವರು. ಗಂಡ ನಟರಾಜ್ ಗಾಡಿಯ ಬಿಡಿಭಾಗದ ಅಂಗಡಿ ಇಟ್ಟಿದ್ದ. ತೊಂಬತ್ತೇಳರಲ್ಲಿ ಅವನು ತೀರಿಕೊಂಡ ಮೇಲೆ, ತಿಥಿ ಮುಗಿದ ವಾರಕ್ಕೇ ಇವರು ಬಂದು ಅಂಗಡಿಯಲ್ಲಿ ಕೂತರು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಗಂಡಸ್ರು ಯಾರೂ ಇಲ್ವಾ?" ಆಮೇಲೆ ಜನ ಚೀಟಿ ಹಿಡಿದು ಬರತೊಡಗಿದರು. ಚೀಟಿ ಬರೆದು ಕೊಡುತ್ತಿದ್ದವನು ನಾನೇ. ಅದನ್ನು ನೋಡಿ ಸಾಮಾನು ತೆಗೆದು ಕೊಡುವುದಷ್ಟೇ ಅವರ ಕೆಲಸ. ಯಾವುದು ಒಳ್ಳೆಯದು ಎಂದು ಅವರನ್ನು ಒಬ್ಬರೂ ಕೇಳಲಿಲ್ಲ. ಏಳು ವರ್ಷ ಹಾಗೇ ನಡೆಯಿತು.

ಅವರಿಗೊಂದು ಅಭ್ಯಾಸವಿತ್ತು. ಕೆಟ್ಟ ಕಾಯಿಲನ್ನು ಯಾರಾದರೂ ಗ್ಯಾರಂಟಿ ಎಂದು ವಾಪಸು ತಂದರೆ ಎಸೆಯುತ್ತಿರಲಿಲ್ಲ. ಅದಕ್ಕೊಂದು ರಟ್ಟಿನ ಚೂರು ಕಟ್ಟಿ, ಯಾವ ಗಾಡಿ, ಎಲ್ಲಿ ಕೈಕೊಟ್ಟಿತು ಎಂದು ಬರೆದು ಹಿಂದಿನ ಕೋಣೆಯಲ್ಲಿ ಜೋಡಿಸಿಡುತ್ತಿದ್ದರು. "ಸರೋಜಮ್ಮನ ಸ್ಮಶಾನ" ಎಂದು ನಾನು ಗೇಲಿ ಮಾಡುತ್ತಿದ್ದೆ. ಅವರು ನಗುತ್ತಲೇ ಇನ್ನೊಂದು ರಟ್ಟು ಕಟ್ಟುತ್ತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಎಸ್ಟೇಟ್ ಮಾಲೀಕ ರವಿಚಂದ್ರ ಜಪಾನಿನ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದರು. ಅದರ ಇಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ಎರಡು ರೋಟರುಗಳು ಗಿರಗಿರ ಸುತ್ತುತ್ತವೆ, ಅವಕ್ಕೆ ಕಿಡಿ ಹಾರಿಸುವ ನಾಲ್ಕು ಪ್ಲಗ್ಗು. ಮೇಲೊಂದು ಟರ್ಬೋ. ಟರ್ಬೋ ಗಾಳಿಯನ್ನು ಒತ್ತಿ ತುಂಬುವಾಗ ಕಿಡಿಗೆ ಶಕ್ತಿ ಸಾಲದಿದ್ದರೆ ಬಿರುಗಾಳಿಯಲ್ಲಿ ಬೀಡಿ ಹಚ್ಚಿದ ಹಾಗೆ, ಹತ್ತುವುದೇ ಇಲ್ಲ. ಆ ಶಕ್ತಿ ಕೊಡುವುದು ಕಾಯಿಲ್. ಊರೊಳಗೆ ಕಾರು ಚೆನ್ನಾಗಿಯೇ ಓಡುತ್ತಿತ್ತು. ಬುಡದ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ನೆತ್ತಿಯ ಮಾರನಹಳ್ಳಿ ದಾಟಿದ ಮೇಲೆ ಮಾತ್ರ, ಆಕ್ಸಿಲರೇಟರ್ ಒತ್ತಿದರೆ ಕೆಮ್ಮುತ್ತಿತ್ತು.

ಕಾರಿನ ಜೊತೆ ಬಂದ ಕಾಯಿಲ್ ಬೇಡ, ಬೇರೆ ಕಂಪನಿಯದು ಹಾಕೋಣ ಎಂದೆ. ಕ್ಯಾಟಲಾಗಿನಲ್ಲಿ ಎಲ್ಲಕ್ಕಿಂತ ಜೋರು ಕಿಡಿಯವು ಯಾವುವೋ ಅವನ್ನೇ ತರಿಸಿದೆ. ಮೂರು ವಾರಕ್ಕೆ ಕೆಟ್ಟವು. ಬೇರೊಂದು ಕ್ಯಾಟಲಾಗಿನಿಂದ ಇನ್ನೂ ಜೋರಿನವು ತರಿಸಿದೆ. ಅವೂ ಕೆಟ್ಟವು. ರವಿಚಂದ್ರ ಗ್ಯಾರೇಜಿನ ಮುಂದೆ ನಿಂತು, "ಸಾಕು ಮಾರಾಯ ಪಿಯೂಸ್. ಬೆಂಗಳೂರಿಗೆ ಕಳಿಸ್ಬುಡ್ತೀನಿ" ಎಂದರು.

ಆಗ ಸರೋಜಮ್ಮ ಅಂಗಡಿಯ ಮೆಟ್ಟಿಲಿಳಿದು ಬಂದರು.

"ರವಿಚಂದ್ರಣ್ಣೋರೆ, ಘಾಟಿ ಹತ್ತಿದ ಮೇಲೆ ಗಾಡಿ ಎಲ್ಲಿ ನಿಲ್ಲಿಸ್ತೀರಿ?"

"ಮಾರನಹಳ್ಳೀಲಿ. ಟೀ ಕುಡೀಬೇಕಲ್ಲ."

"ಇಂಜಿನ್ನು?"

"ಆಫ್ ಮಾಡ್ತೀನಿ. ಘಾಟಿ ಹತ್ತಿದ ಗಾಡೀಗೂ ಉಸಿರು ಬೇಕು ಅಂತ ಪಿಯೂಸೇ ಹೇಳಿದ್ದಾನಲ್ಲ."

ಹೌದು, ಗ್ಯಾರೇಜ್ ತೆರೆದ ದಿನದಿಂದ ಘಾಟಿಯ ಡ್ರೈವರುಗಳಿಗೆಲ್ಲ ಹಾಗೆ ಉಪದೇಶ ಮಾಡಿದವನು ನಾನೇ.

ಸರೋಜಮ್ಮ ನಮ್ಮಿಬ್ಬರನ್ನೂ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ರಟ್ಟಿನ ಚೂರುಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿದರು. ಪೆಟ್ರೋಲ್ ಜೀಪು, ಮಾರನಹಳ್ಳಿ. ವ್ಯಾನು, ಮಾರನಹಳ್ಳಿ. ಮತ್ತೊಂದು ಜೀಪು, ಮಾರನಹಳ್ಳಿ. ಹತ್ತರಲ್ಲಿ ಏಳಕ್ಕೆ ಅದೇ ಊರು.

"ಹತ್ತೋವಾಗ ಕೆಡಲ್ಲ ಕಣ್ರೀ, ಗಾಳಿ ಆಡ್ತಾ ಇರ್ತದೆ. ಮೇಲೆ ಬಂದು ಆಫ್ ಮಾಡಿದ್ರೆ ಕಾವೆಲ್ಲ ಬಾನೆಟ್ ಒಳಗೇ ಕೂತ್ಕಂಡು ಕಾಯಿಲ್ ಬೆಂದೋಗ್ತದೆ. ಪಿಯೂಸಣ್ಣ ನೋಡಿದ್ರೆ ಕಿಡಿ ಜೋರು ಮಾಡ್ತಾ ಕೂತವ್ರೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!"

ನನಗೆ ಮೈ ಉರಿಯಿತು. "ಇದು ಜೀಪಲ್ಲ, ರೋಟರಿ ಇಂಜಿನ್ನು. ನಿಮಗೇನು ಗೊತ್ತು?" ಎಂದುಬಿಟ್ಟೆ.

ಸರೋಜಮ್ಮನ ಮುಖ ಕೆಂಪಾಯಿತು. "ನಾನು ಆರಿಸಿ ಕೊಡ್ತೀನಿ. ಮಾರನಹಳ್ಳೀಲಿ ಅದೂ ಸೋತ್ರೆ ನಾಳೆಯಿಂದ ಕಾಯಿಲ್ ಮಾರಲ್ಲ. ಬಲ್ಬು, ಹಾರ್ನು ಮಾರ್ಕಂಡು ನಿಮ್ಮ ಚೀಟಿ ಓದ್ಕಂಡು ಇರ್ತೀನಿ." ತಮಾಷೆಗೆ ಆಡಿದ ಮಾತಲ್ಲ ಅದು. ಏಳು ವರ್ಷ ನುಂಗಿಕೊಂಡ ಸಿಟ್ಟು ಅದರಲ್ಲಿತ್ತು.

ಮೂರು ಬಗೆಯ ಕಾಯಿಲ್ ತರಿಸಿದರು, ಅದರಲ್ಲಿ ಒಂದು ನಾನು ಹಾಕಿದ್ದ ಜೋರಿನದೇ. ಇಡ್ಲಿ ಪಾತ್ರೆಯ ಮುಚ್ಚಳದ ಮೇಲೆ ಮೂರನ್ನೂ ಇಟ್ಟು, ಬಾನೆಟ್ ಒಳಗಿನ ಹಾಗೆ ಕಾವು ಕೂರಲೆಂದು ಮೇಲೊಂದು ಬೋಗುಣಿ ಕವುಚಿ, ಮುಕ್ಕಾಲು ಗಂಟೆ ಒಲೆ ಉರಿಸಿದರು. ನಾನು ಬಿಸಿಬಿಸಿಯಾಗಿಯೇ ಬ್ಯಾಟರಿಗೆ ಸೇರಿಸಿ ನೋಡಿದೆ. ತಣ್ಣಗಿದ್ದಾಗ ಬೆರಳಗಲ ಹಾರುತ್ತಿದ್ದ ನನ್ನ ಜೋರಿನ ಕಿಡಿ ಉಗುರಿನ ದಪ್ಪಕ್ಕೆ ಇಳಿದಿತ್ತು. ಎರಡನೆಯದು ಬಿಟ್ಟುಬಿಟ್ಟು ಹಾರಿತು. ಮೂರನೆಯದು ಕ್ಯಾಟಲಾಗಿನ ಕೊನೆಯ ಪುಟದ್ದು, ನೋಡಲು ಕರ್ರಗೆ, ಸಪ್ಪೆ. ಅದರ ಕಿಡಿ ಮಾತ್ರ ಕೂದಲಷ್ಟೂ ಕುಗ್ಗಲಿಲ್ಲ.

"ಇದೇ" ಎಂದರು ಸರೋಜಮ್ಮ. "ನಾಲ್ಕು ಪ್ಲಗ್ಗಿಗೆ ನಾಲ್ಕು ಹಾಕಿ. ಟರ್ಬೋ ಹತ್ರ ಬ್ಯಾಡ, ದೂರ ಕೂರಿಸಿ. ವೈರು ಉದ್ದ ಆದ್ರೆ ಆಗ್ಲಿ."

ಅವನ್ನು ಹಾಗೆಯೇ ಕೂರಿಸಿ, ಆ ಭಾನುವಾರ ರವಿಚಂದ್ರರೂ ಸೇರಿ ಮೂವರೂ ಹೊರಟೆವು. ಸರೋಜಮ್ಮ ಸೆರಗು ಸಿಕ್ಕಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಹಿಂದಿನ ಸೀಟೆಂಬ ಸಂದಿಯಲ್ಲಿ ನಾನು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತೆ. ಗುಂಡ್ಯಕ್ಕೆ ಇಳಿದು, ತಿರುಗಿಸಿ, ಒಂದೇ ಉಸಿರಿಗೆ ಮಾರನಹಳ್ಳಿಗೆ ಹತ್ತಿದೆವು.

"ಆಫ್ ಮಾಡಿ. ಬಾನೆಟ್ ಮುಚ್ಚೇ ಇರ್ಲಿ" ಎಂದರು ಸರೋಜಮ್ಮ.

ಅರ್ಧ ಗಂಟೆ ಕಾದೆವು. ನಾನು ಎರಡು ಟೀ ಕುಡಿದೆ. ಅವರ ಲೋಟ ಆರಿ ಕೆನೆ ಕಟ್ಟಿತು. ಟೀಗೆ ನಿಂತಿದ್ದ ಜೀಪಿನವರೆಲ್ಲ ಕೆಂಪು ಕಾರಿನ ಸುತ್ತ ಸೇರಿದ್ದರು. ರವಿಚಂದ್ರ ಒಬ್ಬರೇ ಹತ್ತಿ ಸ್ಟಾರ್ಟ್ ಮಾಡಿ ಸಕಲೇಶಪುರದ ಕಡೆ ಬಿಟ್ಟರು. ಸರೋಜಮ್ಮ ರಸ್ತೆಬದಿಯಲ್ಲಿ ಕಣ್ಣು ಮುಚ್ಚಿ ನಿಂತರು. ಟರ್ಬೋ ಶಿಳ್ಳೆ ಹಾಕಿತು. ಇಂಜಿನ್ ಏರಿತು, ಇನ್ನೂ ಏರಿತು. ತಿರುವಿನಾಚೆ ಸದ್ದು ಕರಗುವವರೆಗೂ ಒಂದು ಕೆಮ್ಮಿಲ್ಲ. ವಾಪಸು ಬರುವಾಗಲೂ ಇಲ್ಲ.

"ಭಲೇ ಪಿಯೂಸಣ್ಣ!" ಎಂದು ಜೀಪು ಡ್ರೈವರ್ ಸೋಮಯ್ಯ ನನ್ನ ಬೆನ್ನು ತಟ್ಟಿದ. ಸುಮ್ಮನಿದ್ದರೆ ಹೆಸರು ನನ್ನದೇ ಆಗುತ್ತಿತ್ತು. ಒಂದು ಗಳಿಗೆ ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ?

"ನಾನಲ್ಲ ಕಣೋ" ಎಂದೆ. "ನಾನು ಹಾಕಿದ್ದೆಲ್ಲ ಕೆಟ್ಟೋದ್ವು. ಗಾಡೀನ ಆಫ್ ಮಾಡಿ ಬೇಯ್ಸೋಕೆ ನಿಮಗೆಲ್ಲ ಕಲಿಸಿದ್ದೂ ನಾನೇ. ಈ ಕಾಯಿಲ್ ಆರಿಸಿದ್ದು ಇವರು."

ರವಿಚಂದ್ರ ಕಾರಿನಿಂದಿಳಿದು ಅವರಿಗೆ ಕೈ ಮುಗಿದರು. ಸೋಮಯ್ಯ ನನ್ನನ್ನು ಬಿಟ್ಟು ಅವರ ಕಡೆ ತಿರುಗಿದ.

"ಅಮ್ಮಾ, ನನ್ ಜೀಪಿಗೆ ಯಾವ್ದು ಹಾಕ್ಲಿ?"

ಸರೋಜಮ್ಮ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡರು. ಆಮೇಲೆ ಗದರಿದರು: "ಇರೋದನ್ನ ಮೊದ್ಲು ಉಳಿಸ್ಕೊಳ್ಳೋ. ಹೋಗಿ ಬಾನೆಟ್ ಎತ್ತು."

ಸೋಮಯ್ಯ ಓಡಿಹೋಗಿ ಎತ್ತಿದ. ಅವನನ್ನು ನೋಡಿ ಪಕ್ಕದವನೂ ಎತ್ತಿದ. ಈಗಲೂ ಘಾಟಿ ಹತ್ತಿ ಬಂದ ಗಾಡಿಗಳು ಮಾರನಹಳ್ಳಿಯಲ್ಲಿ ಬಾನೆಟ್ ಎತ್ತಿಕೊಂಡು ಸಾಲಾಗಿ ನಿಂತಿರುತ್ತವೆ. ಹೊಸಬರು ನೋಡಿ, ಪಾಪ, ಇಷ್ಟೂ ಗಾಡಿ ಕೆಟ್ಟು ನಿಂತಿವೆ ಅಂದುಕೊಳ್ಳುತ್ತಾರೆ. ಯಾವುದೂ ಕೆಟ್ಟಿಲ್ಲ. ಸರೋಜಮ್ಮ ಹೇಳಿದ್ದಾರೆ, ಅದಕ್ಕೆ.