ಹಾಜಿರಾಬೀಯ ಖೀಮಾ ಬ್ರೆಡ್

ಬೀದರಿನಿಂದ ಫೋನು ಬಂದಾಗ ಡಾಬಕಾದ ಜಿಜಾಬಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಅತ್ತ ಕಡೆ ಹುಡುಗಿಯ ದನಿ.

"ಮೌಶಿ, ನಾ ಖತೀಜಾರಿ. ಹಾಜಿರಾಬೀ ಮಗಳು."

ಜಿಜಾಬಾಯಿಯ ಕೈಯಲ್ಲಿದ್ದ ಮೊರ ತೊಡೆಗಿಳಿಯಿತು. ಏಳು ವರ್ಷದಿಂದ ಈ ಫೋನಿಗೇ ಆಕೆ ಹೆದರಿದ್ದಳು.

"ಅಮ್ಮಿ ಪುಣೆದಾಗಿಂದ ಫೋನ್ ಮಾಡಿದಾಗೆಲ್ಲ ಹೇಳ್ತಿದ್ಲರಿ. ಕೋಳಿ ಖೀಮಾ ಖಾರ ಮಾಡಿ ಬ್ರೆಡ್ ನಡುವ ಇಟ್ಟು ತಿಂತೀವಿ, ಊರಿಗಿ ಬಂದಾಗ ನಿನಗೂ ಮಾಡಿ ಕೊಡ್ತೀನಿ ಅಂತ. ನಿಮಗ ಅದು ಮಾಡ್ಲಾಕ ಬರ್ತದೇನ್ರಿ?"

"ಬರ್ತದವ್ವ," ಎಂದಳು ಜಿಜಾಬಾಯಿ. "ಐತವಾರ ಬರ್ತೇನಿ."

ಹಾಜಿರಾಬೀ ಆಕೆಗೆ ಸಿಕ್ಕಿದ್ದು ರೈಲಿನಲ್ಲಿ. ಎರಡು ಸಾವಿರದ ಹದಿನೈದರಲ್ಲಿ ಮಳೆ ಪೂರ್ತಿ ಕೈಕೊಟ್ಟು, ಡಾಬಕಾಕ್ಕೆ ಕುಡಿಯುವ ನೀರೂ ಟ್ಯಾಂಕರಿನಲ್ಲಿ ಬರುವಂತಾದಾಗ, ಜಿಜಾಬಾಯಿ ಮತ್ತು ಗಂಡ ಮಚ್ಛೇಂದ್ರ ಮನೆಗೆ ಬೀಗ ಹಾಕಿ ಭಾಲ್ಕಿಯಲ್ಲಿ ಪುಣೆಯ ರೈಲು ಹತ್ತಿದ್ದರು. ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದರಿನಿಂದಲೇ ಬಾಗಿಲ ಬಳಿ ಗಂಟಿನ ಮೇಲೆ ಕೂತು ಬಂದಿದ್ದ ಬುರ್ಖಾದ ಹೆಂಗಸೊಬ್ಬಳು ತುಸು ಸರಿದು, "ಬರ್ರಿ ಅಕ್ಕ, ಇಬ್ಬರಿಗಿ ಆಗ್ತದ," ಎಂದಿದ್ದಳು. ಅವಳ ಗಂಡ ತೀರಿಹೋಗಿದ್ದ. ಮಗಳ ಸಾಲಿ ತಪ್ಪಬಾರದೆಂದು ಅವಳನ್ನು ಬೀದರಿನಲ್ಲಿ ಅಕ್ಕನ ಮನೆಯಲ್ಲಿ ಬಿಟ್ಟು ಹೊರಟಿದ್ದಳು. ಲಾತೂರು ಬರುವಷ್ಟರಲ್ಲಿ ಒಬ್ಬರ ರೊಟ್ಟಿ ಇನ್ನೊಬ್ಬರ ಪುಂಡಿಪಲ್ಯೆಯೊಂದಿಗೆ ಖರ್ಚಾಗಿತ್ತು. ಪುಣೆಯಲ್ಲಿ ಕಟ್ಟಡದ ಕೆಲಸವೂ ಒಂದೇ ಕಡೆ ಸಿಕ್ಕಿತು. ಇಬ್ಬರ ಶೆಡ್ಡುಗಳ ನಡುವೆ ಒಂದೇ ತಗಡು.

ಐತವಾರ ಜಿಜಾಬಾಯಿ ಔರಾದಿಗೆ ಬಂದು ಬೀದರ್ ಬಸ್ಸು ಹಿಡಿದಳು. ಜನವಾಡ ದಾಟುವವರೆಗೂ ಮರಳಿ ಹೋಗಿಬಿಡೋಣವೇ ಎಂಬ ಯೋಚನೆ ಬಿಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಖತೀಜಾ ಕಾಯುತ್ತಿದ್ದಳು. ಪಿಯುಸಿ ಓದುವ ಹುಡುಗಿ. ತಾಯಿಯದೇ ಅಗಲ ಹಣೆ. ಮನೆಗೆ ಬಂದರೆ ಎಲುಬಿಲ್ಲದ ಕೋಳಿ ಅರ್ಧ ಕಿಲೋ, ಒಂದು ಬ್ರೆಡ್ ಆಗಲೇ ತಂದಿಟ್ಟಿದ್ದಳು. ಅವಳು ಖಾಲಾ ಎನ್ನುವ ದೊಡ್ಡಮ್ಮ ಮದುವೆಯೊಂದಕ್ಕೆ ಹುಮನಾಬಾದಿಗೆ ಹೋಗಿದ್ದಳು.

"ಮಿಕ್ಸರ್ ಅದರಿ," ಎಂದಳು ಖತೀಜಾ.

"ಬ್ಯಾಡ. ನಿಮ್ಮವ್ವ ಚಾಕುಲೇ ಕೊಚ್ಚತಿದ್ಲು."

ಜಿಜಾಬಾಯಿ ಮಣೆಯ ಮೇಲೆ ಮಾಂಸ ಹರಡಿ ಕೊಚ್ಚತೊಡಗಿದಳು. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಮತ್ತೆ ಒಟ್ಟುಮಾಡಿ ಇನ್ನೊಮ್ಮೆ. ಆ ದಿನಗಳಲ್ಲಿ ಕೋಳಿ ಅಂಗಡಿಯವನು ಕೊಡುತ್ತಿದ್ದ ಕುತ್ತಿಗೆ, ರೆಕ್ಕೆಗಳಿಂದ ಹಾಜಿರಾಬೀ ಮಾಂಸ ಬಿಡಿಸಿ, ಹೀಗೆ ಕೊಚ್ಚಿ, ಮೂವರಿಗೂ ಆಗುವಷ್ಟು ಮಾಡುತ್ತಿದ್ದಳು. ರೊಟ್ಟಿ ಬಡಿಯಲು ಜೀವದಲ್ಲಿ ತ್ರಾಣವಿಲ್ಲದ ಸಂಜೆ ಬ್ರೆಡ್ಡೇ ಊಟ.

ಎಣ್ಣೆಯಲ್ಲಿ ಉಳ್ಳಾಗಡ್ಡಿ ಕೆಂಪಾಯಿತು. ಶುಂಠಿ, ಬಳ್ಳೊಳ್ಳಿ, ಜಜ್ಜಿದ ಹಸಿಮೆಣಸಿನಕಾಯಿ ಬಿದ್ದವು. ಖೀಮಾ ನೀರು ಬಿಟ್ಟು, ಆ ನೀರು ಇಂಗಿದ ಮೇಲೆ ಕೆಂಪುಖಾರ, ಧನಿಯಾ ಪುಡಿ, ಒಂದು ಟೊಮೆಟೊ. ಘಾಟಿಗೆ ಇಬ್ಬರೂ ಕೆಮ್ಮಿದರು. ಖತೀಜಾ ನಕ್ಕಳು.

"ಇಷ್ಟು ಖಾರ ತಿಂತಿದ್ಲೇನ್ರಿ ಅಮ್ಮಿ?"

"ಖಾರ ಇದ್ರ ನೀರು ಕುಡದು ಹೊಟ್ಟಿ ತುಂಬ್ತದ ಅಂತಿದ್ಲು."

ಕೊತ್ತಂಬರಿ ಉದುರಿಸಿ, ನಿಂಬೆ ಹಿಂಡಿ, ಖೀಮಾವನ್ನು ಎರಡು ತುಂಡು ಬ್ರೆಡ್ಡಿನ ನಡುವೆ ತುಂಬಿ, ಹಂಚಿನ ಮೇಲೆ ತಂಬಿಗೆಯಿಂದ ಒತ್ತಿ ಎರಡೂ ಬದಿ ಸುಟ್ಟು ತಾಟಿಗಿಟ್ಟಳು. ಖತೀಜಾ ಒಂದು ತುತ್ತು ಕಚ್ಚಿ, ಕಣ್ಣುಮುಚ್ಚಿ ನಿಧಾನವಾಗಿ ಅಗಿದಳು. ನೀರು ಕೇಳಲಿಲ್ಲ.

"ಖಾಲಾ ಹೇಳ್ತಾಳರಿ, ಅಮ್ಮಿ ಹೋಗುವಾಗ ನೀವು ಬಾಜೂಕ ಕೂತು ನೀರು ಕುಡಿಸಿದ್ರಿ ಅಂತ. ಕಡೀಕ ಏನಂದ್ಲರಿ?"

ಜಿಜಾಬಾಯಿ ಹಂಚಿನ ಕೆಳಗಿನ ಉರಿ ಆರಿಸಿದಳು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಎದುರಿಗೆ ಆ ಅಗಲ ಹಣೆ.

"ನಾ ಬಾಜೂಕ ಇರಲಿಲ್ಲವ್ವ."

ಏಳು ವರ್ಷದ ಹಿಂದಿನ ಮೇ ತಿಂಗಳು. ಹಾಜಿರಾಬೀಗೆ ಮೂರು ದಿನದ ಜ್ವರ. ಅಂದು ಸ್ಲ್ಯಾಬ್ ಹಾಕುವುದಿತ್ತು. ಬಾರದವರು ಶೆಡ್ಡು ಖಾಲಿ ಮಾಡಬೇಕೆಂದು ಕೂಲಿಯಾಳುಗಳ ಮೇಸ್ತ್ರಿ ಮುಕದ್ದಮ ಬೆಳಿಗ್ಗೆಯೇ ಕೂಗಿ ಹೋಗಿದ್ದ. "ಹೋಗು ಅಕ್ಕ, ಮಧ್ಯಾಹ್ನ ದವಾಖಾನಿಗಿ ಹೋಗಾಮು," ಎಂದಿದ್ದಳು ಹಾಜಿರಾಬೀ. ಜಿಜಾಬಾಯಿ ಹೋದಳು. ಮಧ್ಯಾಹ್ನ ಬಂದು ನೋಡಿದರೆ ತಗಡಿನ ಶೆಡ್ಡು ಕಾದು ಒಲೆಯಾಗಿತ್ತು. ನೀರಿನ ತಂಬಿಗೆ ಮಗುಚಿ ಬಿದ್ದಿತ್ತು. ಅದರ ಕಡೆ ಚಾಚಿದ ಕೈ ಹಾಗೇ ಇತ್ತು.

"ಒಬ್ಬಾಕಿನೇ ಹೋದ್ಲು. ನಿಮ್ಮ ದೊಡ್ಡಮ್ಮಗ ಹ್ಯಾಂಗ ಹೇಳ್ಲಿ ಇದನ್ನ? ಸುಳ್ಳು ಹೇಳಿದೆ."

ಖತೀಜಾ ಕೈಯಲ್ಲಿದ್ದುದನ್ನು ತಾಟಿನಲ್ಲಿಟ್ಟು ಎದ್ದಳು. ನಳದ ಕೆಳಗೆ ಬಹಳ ಹೊತ್ತು ಕೈ ತೊಳೆದಳು. ತಿರುಗಿದಾಗ ಮುಖ ಒದ್ದೆಯಾಗಿತ್ತು.

"ಅಮ್ಮಿ ಕಬರ್ ಎಲ್ಲಿ ಅದ, ಗೊತ್ತದೇನ್ರಿ?"

"ಗೊತ್ತದ."

ಪರೀಕ್ಷೆ ಮುಗಿದ ಮೇಲೆ ಇಬ್ಬರೂ ಪುಣೆಗೆ ಹೋದರು. ಅಂದು ಜಿಜಾಬಾಯಿ, ಹಾಜಿರಾಬೀ ಸಿಮೆಂಟು ಮೆತ್ತಿ ಗಿಲಾಯಿ ಮಾಡಿದ್ದ ಕಟ್ಟಡದ ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಕಬರಸ್ತಾನದಲ್ಲಿ ಜಿಜಾಬಾಯಿ ಗೋಡೆಗುಂಟ ನಡೆದಳು, ಮತ್ತೆ ಹಿಂದೆ ಬಂದಳು. ಅಂದು ಗಂಡಸರು ಮಣ್ಣು ಕೊಡುವಾಗ ಆಕೆ ಗೇಟಿನ ಹೊರಗೆ ನಿಂತು ಜಾಗ ಗುರುತಿಟ್ಟುಕೊಂಡಿದ್ದಳು. ಈಗ ಗೇಟೂ ಅಲ್ಲಿರಲಿಲ್ಲ. ಕಾವಲಿನ ಮುದುಕ ಬಂದು, ಕಲ್ಲು ನಿಲ್ಲಿಸದ ಹಳೆಯ ಗೋರಿಗಳ ಮೇಲೆ ಕೊರೋನಾದ ವರ್ಷ ಬೇರೆಯವರನ್ನು ಮಣ್ಣು ಮಾಡಿದ್ದಾರೆಂದು ಹೇಳಿದ.

"ಇಲ್ಲೇ ಎಲ್ಲೋ ಇರ್ಬೇಕವ್ವ," ಎಂದಳು ಜಿಜಾಬಾಯಿ.

ಖತೀಜಾ ಗೋಡೆಯ ಕಡೆ ಮುಖಮಾಡಿ ಫಾತಿಹಾ ಓದಿದಳು. ಜಿಜಾಬಾಯಿ ಹಿಂದೆ ನಿಂತು ಕೈಜೋಡಿಸಿದಳು.

ಮರಳುವಾಗ ಭಾಲ್ಕಿಯಲ್ಲಿ ಜಿಜಾಬಾಯಿ ಇಳಿದಳು. ಹುಡುಗಿ ಬೀದರಿಗೆ ಹೋಗಬೇಕಿತ್ತು. ಕಿಟಕಿಯ ಸರಳು ಹಿಡಿದು ಖತೀಜಾ ಕೇಳಿದಳು.

"ಮೌಶಿ, ಅಮ್ಮಿ ಖರೇನೇ 'ಹೋಗು' ಅಂದಿದ್ಲೇನ್ರಿ?"

"ಅಂದಿದ್ಲವ್ವ. ಆಣಿ ಮಾಡಿ ಹೇಳ್ತೇನಿ."

ಹುಡುಗಿ ಆಕೆಯ ಮುಖವನ್ನೇ ನೋಡಿದಳು. ರೈಲು ಹೊರಟಿತು. ಔರಾದಿನ ಬಸ್ಸಿಗೆ ಹೊತ್ತಾಗುತ್ತದೆಂದು ಗೊತ್ತಿದ್ದರೂ ಜಿಜಾಬಾಯಿ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದಳು.