ಈಶ್ವರನ ಬೇಸ್ ಗಿಟಾರು

ಮುಂಬೈಯ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ರಟ್ಟಿನ ಡಬ್ಬಿ ತಯಾರಿಸುವ ಒಂದು ಕಂಪನಿ. ಅಲ್ಲಿ ಮಾಲು ಕಳಿಸುವ ವಿಭಾಗ ನೋಡಿಕೊಳ್ಳುವ ಈಶ್ವರ ಬಿರಾದಾರನನ್ನು ಎಲ್ಲರೂ ಗಿಟಾರ್‌ವಾಲಾ ಎಂದೇ ಕರೆಯುತ್ತಿದ್ದರು. ಅವನು ಬಾರಿಸುತ್ತಿದ್ದುದು ಎಲ್ಲರಿಗೂ ಗೊತ್ತಿರುವ ಗಿಟಾರಲ್ಲ, ಬೇಸ್ ಗಿಟಾರು. ನಾಲ್ಕೇ ದಪ್ಪ ತಂತಿ, ಉದ್ದನೆಯ ಕತ್ತು, ಹಾಡಿನ ಅಡಿಯಲ್ಲಿ ಗುಂಯ್ ಎನ್ನುತ್ತ ಸಾಗುವ ದನಿ. ಆದರೆ ಈಶ್ವರ ಯಾರನ್ನೂ ತಿದ್ದಲು ಹೋಗುತ್ತಿರಲಿಲ್ಲ. ಗಿಟಾರ್‌ವಾಲಾ ಅನ್ನಿಸಿಕೊಳ್ಳುವುದರಲ್ಲಿ ಅವನಿಗೆ ಒಂದು ಸುಖವಿತ್ತು.

ಅಪ್ಪ ಸಂಗಪ್ಪ ಇಂಡಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಮುಂಬೈಗೆ ಬಂದು, ಆಳುಗಳ ಮೇಲೆ ಮುಕಾದಮನಾಗಿ, ಅಂಧೇರಿಯ ಚಾಳಿನಲ್ಲಿ ಒಂದು ಕೋಣೆ ಹಿಡಿದು ಸಂಸಾರ ಹೂಡಿದ್ದ. ಈಶ್ವರ ಹುಟ್ಟಿ ಬೆಳೆದದ್ದು ಅಲ್ಲೇ. ಕಾಲೇಜಿಗೆ ಹೋದಾಗ ಇಬ್ಬರು ಕನ್ನಡದ ಹುಡುಗರು ಗೆಳೆಯರಾದರು. ಒಬ್ಬ ಬೆಳಗಾವಿ ಕಡೆಯ ಅಮೋಲ್, ಗಿಟಾರು ಬಾರಿಸುವವನು. ಇನ್ನೊಬ್ಬ ಉಡುಪಿ ಕಡೆಯ ಚೆನ್ನಯ, ಡ್ರಮ್ಸ್ ಬಾರಿಸುವವನು. ಈಶ್ವರನಿಗೆ ಏನೂ ಬರುತ್ತಿರಲಿಲ್ಲ. "ಬ್ಯಾಂಡಿಗೆ ಬೇಸ್ ಬೇಕs ಬೇಕು. ಅದನ್ನ ಕಲಿಯೋರು ಯಾರೂ ಇಲ್ಲ. ನೀ ತಗೋ" ಎಂದು ಅಮೋಲ್ ಹೇಳಿದ. ಹಾಗೆ, ಉಳಿದ ವಾದ್ಯ ಅವನ ಪಾಲಿಗೆ ಬಂತು. ಬಾಂದ್ರಾದ ಚರ್ಚೊಂದರಲ್ಲಿ ಬಾರಿಸುತ್ತಿದ್ದವನೊಬ್ಬ ವಿದೇಶಕ್ಕೆ ಹೊರಟಾಗ ಅವನ ಹಳೇ ಬೇಸನ್ನು ಈಶ್ವರ ಕೊಂಡ. ಕಪ್ಪು ಬಣ್ಣ ಅಲ್ಲಲ್ಲಿ ಕಿತ್ತು ಒಳಗಿನ ಮರ ಕಾಣುತ್ತಿತ್ತು. ಕತ್ತು ಸ್ವಲ್ಪ ಬಾಗಿತ್ತು. ಅದನ್ನು ಹೊತ್ತು ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು ಬರುವಾಗ, ಇಡೀ ಮುಂಬೈ ತನ್ನನ್ನೇ ನೋಡುತ್ತಿದೆ ಎಂದು ಅವನಿಗೆ ಅನ್ನಿಸಿತ್ತು.

ಅವನ ಅವ್ವ ಬಸಲಿಂಗವ್ವ ಮಾತ್ರ ಮೊದಲ ಕಾರ್ಯಕ್ರಮ ನೋಡಿ ಬಂದು ಕೇಳಿದ್ದಳು, "ಎಲ್ಲಾರದೂ ಕೇಳಸ್ತಪಾ. ನಿಂದು ಯಾವುದು?"

ಮೊದಮೊದಲು ಈಶ್ವರ ಕಷ್ಟಪಟ್ಟೇ ಕಲಿತ. ಬೆರಳ ತುದಿ ಗುಳ್ಳೆ ಎದ್ದು ಗಟ್ಟಿಯಾಗುವಷ್ಟು ಬಾರಿಸಿದ. ನೌಕರಿ ಸಿಕ್ಕಿತು, ಶುಭಾಂಗಿಯ ಜೊತೆ ಮದುವೆಯಾಯಿತು, ಮಗಳು ರಾಧಿಕಾ ಹುಟ್ಟಿದಳು. ಬೇಸ್ ಕಪಾಟಿನ ಹಿಂದಿನ ಸಂದಿಗೆ ಸೇರಿತು. ಬ್ಯಾಂಡ್ ಮಾತ್ರ ನಿಲ್ಲಲಿಲ್ಲ. ನಿಶಾ ಎಂಬ ಒಳ್ಳೆಯ ಹಾಡುಗಾರ್ತಿ ಬಂದ ಮೇಲೆ ಮದುವೆ, ಹುಟ್ಟುಹಬ್ಬ, ಕಂಪನಿಗಳ ಪಾರ್ಟಿ ಎಂದು ಆಗಾಗ ಕರೆ ಬರತೊಡಗಿತು. ಕಾರ್ಯಕ್ರಮದ ದಿನ ಈಶ್ವರ ಸಂದಿಯಿಂದ ಬೇಸ್ ತೆಗೆದು, ಧೂಳು ಒರೆಸಿ, ಹೊಳೆಯುವ ಅಂಗಿ ತೊಟ್ಟು ಹೊರಡುತ್ತಿದ್ದ. ಮರಳಿ ಬಂದು ಅದನ್ನು ಅದೇ ಸಂದಿಯಲ್ಲಿಡುತ್ತಿದ್ದ. ನಡುವೆ ಮುಟ್ಟುತ್ತಿರಲಿಲ್ಲ. ಅಭ್ಯಾಸಕ್ಕೆ ಕರೆದರೆ, "ಮಾಲು ಲೋಡ್ ಮಾಡಸೂದೈತಿ" ಎಂದು ತಪ್ಪಿಸಿಕೊಳ್ಳುತ್ತಿದ್ದ. ಅವನಿಗೆ ಬೇಸ್ ಬಾರಿಸುವುದಕ್ಕಿಂತ ಬೇಸ್ ಬಾರಿಸುವವನಾಗಿರುವುದೇ ಹೆಚ್ಚು ಇಷ್ಟವಾಗಿತ್ತು.

ಈಚೆಗೆ ಬ್ಯಾಂಡು ಲ್ಯಾಪ್‌ಟಾಪ್ ಇಟ್ಟುಕೊಂಡಿತ್ತು. ಪಿಟೀಲು, ಕೊಳಲು, ತಮ್ಮಲ್ಲಿಲ್ಲದ ವಾದ್ಯಗಳ ದನಿಯೆಲ್ಲ ಅದರಿಂದ ಬರುತ್ತಿತ್ತು. "ನಿನ್ನ ಭಾರದ ಸ್ಪೀಕರ್ ಹೊತ್ತು ತರಬ್ಯಾಡ, ನಿನ್ನ ವೈರ್ ಸೀದಾ ಸೌಂಡ್ ಮಿಕ್ಸರಿಗೇ ಕೊಡೂಣು" ಎಂದು ಅಮೋಲ್ ಹೇಳಿದಾಗ ಈಶ್ವರನಿಗೆ ಹೆಗಲ ಹೊರೆ ಇಳಿದಂತಾಗಿತ್ತು. ಅಲ್ಲಿಂದ ಮುಂದೆ ಅವನ ಬೇಸ್ ಬಹಳ ಚೆನ್ನಾಗಿ ಕೇಳಿಸತೊಡಗಿತು. ತಪ್ಪಿದೆನೆಂದು ತನಗೇ ಅನ್ನಿಸಿದ ಕಡೆಯಲ್ಲೂ ಕಾಲ ಬುಡದ ಸ್ಪೀಕರಿನಿಂದ ಸ್ವರ ಸರಿಯಾಗಿಯೇ ಬರುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಶುಭಾಂಗಿಗೆ ಹೇಳಿಯೂ ಹೇಳಿದ: "ಈಗ ನೋಡು ಕೈ ಕುಂತದ. ಇಷ್ಟು ವರ್ಷದ್ದು ಸುಮ್ಮನ ಹೋಗೂದಿಲ್ಲ."

ಬಾಂದ್ರಾದ ಒಂದು ಸಭಾಂಗಣದಲ್ಲಿ ದಂಪತಿಯೊಬ್ಬರ ಮದುವೆಯ ಬೆಳ್ಳಿಹಬ್ಬ. ಭಾನುವಾರದ ಮಧ್ಯಾಹ್ನ. ಕಾಲೇಜಿಗೆ ಹೋಗುವ ರಾಧಿಕಾ ಆವತ್ತು ಮೊದಲ ಬಾರಿಗೆ ತಾನಾಗಿಯೇ ಬರುತ್ತೇನೆಂದಳು. ಜೊತೆಗೆ ಇಬ್ಬರು ಗೆಳತಿಯರನ್ನೂ ಕರೆತಂದಳು. ಮುಂದಿನ ಸಾಲಿನಲ್ಲಿ ಕೂತು, ಫೋನ್ ಎತ್ತಿ ಹಿಡಿದು ಅಪ್ಪನ ವಿಡಿಯೊ ಮಾಡುತ್ತಿದ್ದಳು. ಈಶ್ವರನಿಗೆ ಹುರುಪು ಬಂತು. ತಲೆ ಕುಣಿಸಿದ, ಕಾಲು ತಟ್ಟಿದ, ಚೆನ್ನಯನ ಕಡೆ ತಿರುಗಿ ಕಣ್ಣು ಹೊಡೆದ.

ಜೋರಿನ ಒಂದು ಹಾಡು ನಡೆದಿತ್ತು. ಕುಣಿಯುತ್ತ ಹಿಂದೆ ಸರಿದ ನಿಶಾಳ ಚಪ್ಪಲಿಯ ಹಿಮ್ಮಡಿ ಈಶ್ವರನ ವೈರಿಗೆ ಸಿಕ್ಕಿತು. ಅವಳಿಗೆ ಗೊತ್ತೂ ಆಗಲಿಲ್ಲ. ವೈರು ಜಗ್ಗಿತು, ಬೇಸಿನಿಂದ ಕಳಚಿ ಕೆಳಗೆ ಬಿತ್ತು. ಈಶ್ವರ ಗಾಬರಿಯಾಗಿ ತಂತಿಯಿಂದ ಕೈ ತೆಗೆದ.

ಬೇಸ್ ನಿಲ್ಲಲಿಲ್ಲ.

ಧುಮ್ ಧುಮ್ ಎಂದು, ಒಂದು ಸ್ವರವೂ ತಪ್ಪದೆ, ಸ್ಪೀಕರಿನಲ್ಲಿ ತನ್ನ ಪಾಡಿಗೆ ತಾನು ನುಡಿಯುತ್ತಲೇ ಇತ್ತು. ಈಶ್ವರನ ಬಲಗೈ ಗಾಳಿಯಲ್ಲಿತ್ತು. ಕಾಲ ಬಳಿ ವೈರು ಸತ್ತ ಹಾವಿನಂತೆ ಬಿದ್ದಿತ್ತು. ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿಯ ತುದಿಯವರೆಗೆ ಬಿಸಿಯೇರಿತು. ಆಗ ಅವನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಕೈಯನ್ನು ಮರಳಿ ತಂತಿಯ ಮೇಲಿಟ್ಟ. ಬೆರಳು ಆಡಿಸಿದ. ಮುಖದ ಮೇಲೆ ನಗು ತಂದುಕೊಂಡ. ಹಾಡು ಮುಗಿಯುವವರೆಗೂ ಏನೂ ಕೇಳಿಸದ ಬೇಸನ್ನು ಬಾರಿಸುತ್ತ ನಿಂತ.

ಚಪ್ಪಾಳೆಯ ನಡುವೆ ಅಮೋಲ್ ತಿರುಗಿದ. ನೆಲದ ಮೇಲಿನ ವೈರು ಅವನ ಕಣ್ಣಿಗೆ ಬಿತ್ತು. ಇಬ್ಬರ ಕಣ್ಣೂ ಕೂಡಿದವು. ಅಮೋಲ್ ಕಣ್ಣು ತಪ್ಪಿಸಿ, ಬಿಗಿಯಾಗಿಯೇ ಇದ್ದ ತನ್ನ ಗಿಟಾರಿನ ತಂತಿಯನ್ನು ಮತ್ತೆ ಬಿಗಿಮಾಡತೊಡಗಿದ. ಈಶ್ವರ ಬಗ್ಗಿ ವೈರು ಸಿಕ್ಕಿಸಿಕೊಂಡು ಉಳಿದ ಹಾಡುಗಳನ್ನೂ ಬಾರಿಸಿದ. ರಾಧಿಕಾಳ ಫೋನ್ ಮಾತ್ರ ಮತ್ತೆ ಮೇಲೇಳಲಿಲ್ಲ.

ಊಟದ ಹೊತ್ತಿಗೆ ಸಮಾರಂಭದ ಯಜಮಾನರು ಬಂದು ಅವನ ಕೈ ಹಿಡಿದು ಕುಲುಕಿ, "ಬೇಸ್ ಏಕದಂ ಫಸ್ಟ್ ಕ್ಲಾಸ್!" ಎಂದರು.

"ಥ್ಯಾಂಕ್ಯೂ" ಎಂದ ಈಶ್ವರ. ಅವರು ಅತ್ತ ಹೋದದ್ದೇ ತಟ್ಟೆಯನ್ನು ಕೆಳಗಿಟ್ಟು ಬೇಸಿನ ಚೀಲ ತರಲು ಎದ್ದ.

ಲೋಕಲ್ಲಿನಲ್ಲಿ ಅಪ್ಪ ಮಗಳು ಎದುರುಬದುರು ಕೂತರು. ರಾಧಿಕಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಮನೆಯ ಬಾಗಿಲು ತೆರೆದ ಶುಭಾಂಗಿ ಹೇಗಾಯಿತೆಂದು ಕೇಳಿದಳು. ಈಶ್ವರ ಬಾಯಿ ತೆರೆಯುವ ಮೊದಲೇ ರಾಧಿಕಾ, "ಮಸ್ತ್ ಆಯ್ತು ಆಯಿ. ಪಪ್ಪಾ ಬಹಳ ಛಲೋ ಬಾರ್ಸಿದ್ರು" ಎಂದು ಒಳಗೆ ನಡೆದಳು. ಸಂಜೆ ಮನೆಯವರ ಗ್ರೂಪಿನಲ್ಲಿ ವಿಡಿಯೊ ಬಂತು. ಈಶ್ವರ ಉಸಿರು ಬಿಗಿಹಿಡಿದು ನೋಡಿದ. ನಿಶಾ ಹಿಂದೆ ಸರಿಯುವುದಕ್ಕೆ ತುಸು ಮೊದಲೇ ಅದು ಮುಗಿದುಹೋಗಿತ್ತು. ಮಗಳು ಮುಂದಿನದನ್ನು ಕತ್ತರಿಸಿದ್ದಳು. ಅವಳು ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದ. ತನ್ನ ಮಾನ ಮುಚ್ಚಲು ಮಗಳು ಸುಳ್ಳು ಹೇಳಬೇಕಾಯಿತಲ್ಲ ಎಂದು ಅವನಿಗೆ ಅವಳ ಮುಖ ನೋಡುವುದೇ ಕಷ್ಟವಾಯಿತು.

ಮರುದಿನ ಅರ್ಧ ದಿನ ರಜೆ ಹಾಕಿ ಅಂಧೇರಿಗೆ ಹೋದ. ಚೆನ್ನಯ ತನ್ನ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ. ಈಶ್ವರನನ್ನು ಕಂಡದ್ದೇ ಗಲ್ಲಾ ಬೇರೆಯವರಿಗೆ ಒಪ್ಪಿಸಿ, ಮೂಲೆಯ ಮೇಜಿಗೆ ಕರೆದುಕೊಂಡು ಹೋದ. ಕೇಳುವ ಅಗತ್ಯವೇ ಬೀಳಲಿಲ್ಲ.

"ಹೋದ ವರ್ಷ ಇಲ್ಲೇ ಒಂದು ಕಂಪನಿಯ ಪಾರ್ಟಿ ಇತ್ತಲ್ಲ, ನೆನಪುಂಟಾ?" ಎಂದ ಚೆನ್ನಯ. "ಅವತ್ತು ನೀನು ಹಾಡು ಬಿಟ್ಟು ಮುಂದೆ ಹೋಗಿದ್ದೆ. ನಿಶಾಳಿಗೆ ಎಲ್ಲಿ ಹಾಡ್ಬೇಕು ಅಂತಲೇ ಗೊತ್ತಾಗ್ಲಿಲ್ಲ. ಆ ಮನುಷ್ಯನನ್ನು ಇನ್ನು ತರಬೇಡಿ ಅಂತ ಆ ಕಂಪನಿಯವರು ಹೇಳಿದ್ರು ಮಾರಾಯ."

"ನನಗ ಯಾಕ ಹೇಳಲಿಲ್ಲ?"

"ಈಶ್ವರ ಇಲ್ಲದಿದ್ರೆ ಬ್ಯಾಂಡೇ ಬೇಡ ಅಂತ ಅಮೋಲ್ ಹಟ ಹಿಡಿದ. ಮತ್ತೆ ಅವನೇ ಈ ಉಪಾಯ ಮಾಡಿದ. ನಿನ್ನ ಬೇಸನ್ನೂ ಲ್ಯಾಪ್‌ಟಾಪಿಗೆ ಹಾಕಿ, ಮಿಕ್ಸರಿನಲ್ಲಿ ನಿನ್ನ ವೈರ್ ಬಂದ್ ಮಾಡಿದ. ನಾನೂ ಸುಮ್ಮನಿದ್ದೆ."

ಜಗಳವಾಡಲೆಂದೇ ಬಂದಿದ್ದ ಈಶ್ವರ. ಬರುವ ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡಿದ್ದ. ಈಗ ಅದರಲ್ಲಿ ಒಂದೂ ನೆನಪಾಗಲಿಲ್ಲ. ಗೆಳೆಯರು ಮೋಸ ಮಾಡಿದ್ದರೆ ಸಿಟ್ಟಾದರೂ ಇರುತ್ತಿತ್ತು. ಅವರು ಕನಿಕರ ಪಟ್ಟಿದ್ದರು. ಒಂದು ವರ್ಷದಿಂದ ಅವನು ವೇದಿಕೆಯ ಮೇಲೆ ತಲೆ ಕುಣಿಸುವಾಗ, ಕಣ್ಣು ಹೊಡೆಯುವಾಗ, ಮೂವರಿಗೂ ಎಲ್ಲ ಗೊತ್ತಿತ್ತು. ಚಹಾ ಹಾಗೇ ಬಿಟ್ಟು ಎದ್ದುಬಂದ.

ಶನಿವಾರ ಮಧ್ಯಾಹ್ನ ಅಮೋಲನ ಮನೆಯಲ್ಲಿ ಅಭ್ಯಾಸವಿತ್ತು. ಈಶ್ವರ ಬರುತ್ತಾನೆಂದು ಯಾರೂ ಅಂದುಕೊಂಡಿರಲಿಲ್ಲ. ಬಾಗಿಲಲ್ಲಿ ಅವನನ್ನು ಕಂಡು ಅಮೋಲ್ ತಡವರಿಸಿದ: "ಈಶ್ವರಾ, ನಾ ನಿನಗ ಹೇಳಬೇಕಿತ್ತು..."

"ಲ್ಯಾಪ್‌ಟಾಪಿನ್ಯಾಗಿನ ಬೇಸ್ ತಗಿ. ನಂದು ಚಾಲೂ ಮಾಡು" ಎಂದ ಈಶ್ವರ.

ಹಾಡು ಶುರುವಾಯಿತು. ಈಶ್ವರ ತನ್ನ ಬೇಸನ್ನು ತಾನು ಬಹಳ ದಿನಗಳ ಮೇಲೆ ಕೇಳಿದ. ಬಾಗಿದ ಕತ್ತಿನಿಂದಾಗಿ ಕೆಳಗಿನ ತಂತಿ ಗರಗರ ಎನ್ನುತ್ತಿತ್ತು. ಪಲ್ಲವಿಯಿಂದ ಚರಣಕ್ಕೆ ತಿರುಗುವ ಕಡೆ ಅವನ ಬೆರಳು ತಡವಾಯಿತು. ಹಿಡಿಯಲೆಂದು ಓಡಿದ, ಮುಂದೆ ಹೋದ. ನಿಶಾ ಹಾಡುವುದನ್ನು ನಿಲ್ಲಿಸಿ ನೆಲ ನೋಡಿದಳು. ತಪ್ಪು ಕೇಳಿಸಿದ್ದಕ್ಕಿಂತ, ಅದನ್ನು ಕೇಳಿ ಯಾರಿಗೂ ಆಶ್ಚರ್ಯವಾಗದಿದ್ದುದು ಈಶ್ವರನನ್ನು ಕುಗ್ಗಿಸಿತು.

"ಇನ್ನೊಮ್ಮೆ" ಎಂದ, ತಲೆ ಎತ್ತದೆ.

ಇನ್ನೊಮ್ಮೆಯೂ ತಪ್ಪಿತು. ಕೊನೆಗೆ ಅವನೇ ಹೇಳಿದ: "ಇಷ್ಟೂ ಹಾಡು ನನ್ನ ಕೈಲೆ ಆಗೂದಿಲ್ಲ. ಸಾವಕಾಶ ಇರೋ ಎರಡು ಹಾಡು ಕೊಡ್ರಿ. ಉಳಿದದ್ದಕ್ಕ ಲ್ಯಾಪ್‌ಟಾಪ್ ಇರಲಿ. ಆದ್ರ ಆವಾಗ ನಾ ಸ್ಟೇಜಿನ ಮ್ಯಾಲ ನಿಲ್ಲೂದಿಲ್ಲ." ಅಮೋಲ್ ಏನೋ ಹೇಳಹೋದ. ಚೆನ್ನಯ ಅವನ ಮೊಣಕೈ ಹಿಡಿದು ತಡೆದ.

ಬೇಸ್ ಈಗ ಸಂದಿಗೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಕುಕ್ಕರಿನ ಸೀಟಿಯ ನಡುವೆ ಈಶ್ವರ ಅಡುಗೆಮನೆಯ ಬಾಗಿಲ ಬಳಿ ಕೂತು ಅದೇ ಎರಡು ಹಾಡನ್ನು ಬಾರಿಸಿದ. ಕೈ ಕೂತಿದೆ ಎಂದು ಜಂಬ ಕೊಚ್ಚಿಕೊಂಡಿದ್ದ ಜಾಗದಲ್ಲೇ ಶುಭಾಂಗಿಗೆ ನಡೆದದ್ದನ್ನೆಲ್ಲ ಹೇಳಿದ. ಅವಳು ಒಂದೇ ಮಾತು ಅಂದಳು: "ರಾಧಿಕಾ ಆವತ್ತs ನನಗ ಹೇಳ್ಯಾಳ." ಇವಳಿಗೂ ಗೊತ್ತಿತ್ತು! ಅವನು ಮತ್ತೊಮ್ಮೆ ತಲೆ ತಗ್ಗಿಸಿದ.

ಒಂದು ಬೆಳಿಗ್ಗೆ ರಾಧಿಕಾ ಹಲ್ಲುಜ್ಜುತ್ತ ಬಂದು ನಿಂತಳು. "ಪಪ್ಪಾ, ಅಲ್ಲಿ ನೀವು... ಥೋಡಾ ಲೇಟ್ ಆಗ್ತೀರಿ."

"ಗೊತ್ತದವಾ." ಈಶ್ವರ ಬೇಸನ್ನು ತೊಡೆಯ ಮೇಲೆ ಮಲಗಿಸಿದ. "ಆ ವಿಡಿಯೊ ನೀ ಯಾಕ ಕತ್ತರಸಿದಿ?"

ರಾಧಿಕಾಳಿಗೆ ಕನ್ನಡದಲ್ಲಿ ಹೇಳಲು ಮಾತು ಸಿಗಲಿಲ್ಲ. ಹುಡುಕಿದಳು. "ಫ್ರೆಂಡ್ಸ್ ನಗ್ತಾ ಇದ್ರು. ನನಗೆ ಶರಮ್... ನಾಚಿಕೆ ಆಯ್ತು. ಮತ್ತೆ... ಶರಮ್ ಆಯ್ತಲ್ಲಾ ಅಂತ ನನಗೇ ಬೇಜಾರ್ ಆಯ್ತು."

"ಇನ್ನೊಮ್ಮೆ ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ" ಎಂದ ಈಶ್ವರ. ಅವಳು ತಲೆಯಾಡಿಸಿ ಬಚ್ಚಲಿಗೆ ಹೋದಳು. ಅವನು ತಡವಾಗುವ ಆ ಕಡೆಯನ್ನೇ ಮತ್ತೆ ಬಾರಿಸಿದ.

ಎರಡು ತಿಂಗಳ ನಂತರ ಕಾಂದಿವಲಿಯ ಒಂದು ಹೌಸಿಂಗ್ ಸೊಸೈಟಿಯ ಅಂಗಳದಲ್ಲಿ ಸಂಜೆಯ ಕಾರ್ಯಕ್ರಮ. ಈಶ್ವರ ತನ್ನ ಎರಡು ಹಾಡು ಬಾರಿಸಿದ. ಮೊದಲನೆಯದರಲ್ಲಿ ಒಂದು ಕಡೆ ತಪ್ಪಿತು. ಎಲ್ಲರಿಗೂ ಕೇಳಿಸಿತು. ಚೆನ್ನಯ ಡ್ರಮ್ಮಿನ ಪೆಟ್ಟನ್ನು ಕೊಂಚ ಗಟ್ಟಿ ಮಾಡಿ ದಾರಿ ತೋರಿಸಿದ. ಈಶ್ವರ ಅದನ್ನು ಹಿಡಿದುಕೊಂಡು ದಡ ಸೇರಿದ. ಎರಡನೆಯದು ಸರಿಯಾಗಿ ಹೋಯಿತು, ಆದರೆ ಅದಕ್ಕೆ ವಿಶೇಷ ಚಪ್ಪಾಳೆಯೇನೂ ಬೀಳಲಿಲ್ಲ. ಅವನು ವೈರು ಬಿಚ್ಚಿ, ಬೇಸನ್ನು ಚೀಲಕ್ಕೆ ಹಾಕಿ, ಮೆಟ್ಟಿಲಿಳಿದು ಪ್ಲಾಸ್ಟಿಕ್ ಕುರ್ಚಿಗಳ ಹಿಂದಿನ ಸಾಲಿನಲ್ಲಿ ಕೂತ. ಹೊಳೆಯುವ ಅಂಗಿಯಲ್ಲಿ ಜನರ ನಡುವೆ ಕೂರುವುದು ಮುಜುಗರವೆನಿಸಿತು. ಮೇಲೆ ಜೋರಿನ ಹಾಡು ಶುರುವಾಯಿತು. ಲ್ಯಾಪ್‌ಟಾಪಿನ ಬೇಸ್ ಅಂಗಳವನ್ನೇ ನಡುಗಿಸಿತು.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಬಾಗಿ ಕೇಳಿದರು: "ನೀವು ಬ್ಯಾಂಡಿನವರಲ್ಲೇನ್ರಿ? ಇಳದು ಬಂದ್ರ್ಯಾಕ?"

ಮೈ ಹುಷಾರಿಲ್ಲ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಈಶ್ವರ ಅದನ್ನು ನುಂಗಿದ.

"ಉಳಿದ ಹಾಡು ನನಗ ಬಾರಸಾಕ ಬರೂದಿಲ್ರಿ" ಎಂದ.

ಹಿರಿಯರು ಹೌದೇ ಎಂಬಂತೆ ಅವನ ಮುಖ ನೋಡಿ, ಮತ್ತೆ ವೇದಿಕೆಯ ಕಡೆ ತಿರುಗಿದರು. ಈಶ್ವರನ ಕಿವಿ ಇನ್ನೂ ಬಿಸಿಯಾಗಿತ್ತು. ಆದರೂ ಎದ್ದು ಹೋಗಲಿಲ್ಲ. ಚೀಲವನ್ನು ಮೊಣಕಾಲ ನಡುವೆ ಹಿಡಿದುಕೊಂಡು, ಹಾಡು ತಿರುಗುವ ಕಡೆ ಬೇಸ್ ಏನು ಮಾಡುತ್ತದೆಂದು ಗಮನವಿಟ್ಟು ಕೇಳತೊಡಗಿದ.