ಮೊಮ್ಮಗಳನ್ನು ಪಾಸ್ ಮಾಡಬೇಡಿ ಎಂದವಳು ನಾನೇ

ಭಾನುವಾರ ಮುಂಬೈಯ ಮುಲುಂಡ್‌ನ ಕನ್ನಡ ಕ್ಲಾಸಿನಲ್ಲಿ ನನ್ನ ಮೊಮ್ಮಗಳು ದಿಯಾಗೆ ಮೂರಕ್ಕೆ ಮೂರು ಸ್ಟಾರ್ ಸಿಕ್ಕಿತು. ಅಂದಿನಿಂದ ನನಗೆ ಒಂದೇ ತಲೆಬಿಸಿ.

ಅವಳನ್ನು ಕ್ಲಾಸಿಗೆ ಹಾಕಿದ್ದೇ ನಾನು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹಿಂದಿಯಲ್ಲಿ.

ಈಗ ಬರೆಯುವ ಪರೀಕ್ಷೆ ಇಲ್ಲವಂತೆ. ಆಟ ಆಡಿಸಿಯೇ ಮಕ್ಕಳು ಎಷ್ಟು ಕಲಿತಿದ್ದಾರೆಂದು ನೋಡುತ್ತಾರಂತೆ. ಆಗಲಿ, ನಾನೂ ಹತ್ತನೇ ಕ್ಲಾಸ್ ಓದಿದವಳು, ಹೊಸದಕ್ಕೆಲ್ಲ ಮೂಗು ಮುರಿಯುವುದಿಲ್ಲ.

ಮನೆಯವರೆಲ್ಲ ಹಾಲ್‌ನಲ್ಲಿ ನೋಡಲು ಕೂತಿದ್ದೆವು. ಅಂದಿನ ಆಟ ಹೋಟೆಲ್. ಒಂದು ಮಗು ಗಿರಾಕಿ, ಇನ್ನೊಂದು ವೇಟರ್. ಚೀಟಿ ಎತ್ತಿದರೆ ನಮ್ಮವಳಿಗೆ ಬಂದದ್ದು ವೇಟರ್!

ಘಾಟ್ಕೋಪರ್ ಸ್ಟೇಷನ್ ಹತ್ತಿರ ನಮ್ಮದೇ ಉಡುಪಿ ಹೋಟೆಲ್ ಇದೆ. ಶಾಲೆ ಬಿಟ್ಟ ಮೇಲೆ ಅವಳು ಕೂರುವುದು ಅಲ್ಲೇ, ಅಜ್ಜನ ಗಲ್ಲಾದ ಪಕ್ಕ.

ಒಂದೇ ಉಸಿರಿಗೆ ಶುರು ಮಾಡಿದಳು... "ಇಡ್ಲಿ, ಉದ್ದಿನ ವಡೆ, ಸಾದಾ ದೋಸೆ, ಮಸಾಲೆ ದೋಸೆ, ನೀರ್ ದೋಸೆ, ಬನ್ಸ್, ಗೋಳಿಬಜೆ..."

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ವಾರದಿಂದ ದೊಡ್ಡ ಬ್ಯಾಚಿಗೆ ಎಂದುಬಿಟ್ಟರು ಟೀಚರ್. ಸೊಸೆ ಆಗಲೇ ವಿಡಿಯೋವನ್ನು ಸ್ಟೇಟಸ್‌ಗೆ ಹಾಕಿಯಾಗಿತ್ತು.

ಇದೇನು ಭಾಷೆಯೇ? ಕನ್ನಡವೇ ಬಾರದ ನಮ್ಮ ವೇಟರ್‌ಗಳೂ ಸೇರಿದ ವಾರದೊಳಗೆ ಇಷ್ಟು ಹೇಳುತ್ತಾರೆ.

ಎದ್ದು ಹೋಗಿ ಗಿರಾಕಿಯ ಕುರ್ಚಿಯಲ್ಲಿ ನಾನೇ ಕೂತೆ. "ನಿನ್ನೆಯಿಂದ ಹೊಟ್ಟೆ ಸರಿ ಇಲ್ಲ ಮಗಾ, ಏನು ತಿಂದ್ರೆ ಒಳ್ಳೇದು?"

ದಿಯಾ ನನ್ನನ್ನೇ ನೋಡಿದಳು. ಆಮೇಲೆ, "ಅಜ್ಜಿ, ಆಪ್ ಹೋಟೆಲ್ ಮೇ ಮತ್ ಖಾವೋ. ಘರ್ ಜಾಕೆ ದಹಿ-ಚಾವಲ್ ಖಾವೋ." ಹೋಟೆಲ್‌ನಲ್ಲಿ ಬೇಡ, ಮನೆಗೆ ಹೋಗಿ ಮೊಸರನ್ನ ತಿನ್ನಬೇಕಂತೆ!

ಇಡೀ ಹಾಲ್ ನಕ್ಕಿತು. ನಾನು ನಗಲಿಲ್ಲ.

"ಪ್ರಶ್ನೆ ಪೂರ್ತಿ ಅರ್ಥ ಆಗಿದೆಯಲ್ಲ ಆಂಟಿ, ಉತ್ತರವೂ ಕರೆಕ್ಟ್" ಎಂದರು ಟೀಚರ್.

"ಹಿಂದಿ ಕ್ಲಾಸಿಗೆ ಕರೆಕ್ಟ್. ಬಾಯಲ್ಲಿ ಕನ್ನಡ ಬರುವ ತನಕ ಇವಳನ್ನು ಮೇಲೆ ಕಳಿಸ್ಬೇಡಿ."

ಟೀಚರ್ ಎಷ್ಟೋ ಹೇಳಿ ನೋಡಿದರು. ಕೊನೆಗೆ, ನಿಮ್ಮಿಷ್ಟ ಎಂದು ಕೈ ಚೆಲ್ಲಿದರು. ಮುಂದಿನ ವಾರದಿಂದ ಅವಳ ಗೆಳತಿಯರೆಲ್ಲ ದೊಡ್ಡ ಬ್ಯಾಚಿಗೆ, ಇವಳೊಬ್ಬಳು ಹಳೆಯದರಲ್ಲೇ.

ವಾಪಸ್ ಬರುವಾಗ ಲೋಕಲ್ ಟ್ರೇನಿನಲ್ಲಿ ಸೊಸೆ ಸಿಡುಕಿದಳು. "ಅತ್ತೆ, ಬೇರೆ ಅಜ್ಜಿಯರು ಪಾಸ್ ಮಾಡಿ ಅಂತ ಜಗಳ ಮಾಡ್ತಾರೆ. ನೀವು ಫೇಲ್ ಮಾಡಿ ಅಂತ ಮಾಡ್ತೀರಲ್ಲ!"

ಮಾಡಿದೆ, ಹೌದು. ತಿಂಡಿಯ ಹೆಸರು ಹೇಳಿದವರಿಗೆಲ್ಲ ಸ್ಟಾರ್ ಅಂಟಿಸುತ್ತಾ ಹೋದರೆ, ಇನ್ನು ಮಾತಾಡಲು ಕಲಿಸುವವರು ಯಾರು?

ಮನೆಗೆ ಬಂದಾಗಿನಿಂದ ದಿಯಾ ನನ್ನೊಡನೆ ಹಿಂದಿಯಲ್ಲೂ ಮಾತಾಡುತ್ತಿಲ್ಲ. ಊಟಕ್ಕೆ ಕರೆದರೆ ಬಂದು ಸುಮ್ಮನೆ ಕೂರುತ್ತಾಳೆ...

ಮೊಮ್ಮಕ್ಕಳಿರುವವರು ಹೇಳಿ, ನೀವಾಗಿದ್ದರೆ ಆ ಮೂರು ಸ್ಟಾರ್ ಒಪ್ಪಿಕೊಂಡು ಸುಮ್ಮನೆ ಬರುತ್ತಿದ್ದಿರಾ?